ಸೂಜಿ ಚುಚ್ಚುವ ಮೊದಲಿನ ಹತ್ತು ನಿಮಿಷ

ಕಿಡ್ನಿ ಕೆಟ್ಟವರ ರಕ್ತವನ್ನು ಮಷೀನ್‌ನಲ್ಲಿ ಶುದ್ಧ ಮಾಡುವ ನಮ್ಮ ಡಯಾಲಿಸಿಸ್ ಘಟಕದ ಬೆಳಗಿನ ಶಿಫ್ಟ್‌ನಲ್ಲಿ ಒಬ್ಬರು ತಾತ ಇದ್ದಾರೆ. ಮೂವತ್ತು ವರ್ಷ ಟೊಮೆಟೊ ಬೆಳೆದು ಕೋಲಾರದ ಮಾರ್ಕೆಟ್‌ಗೆ ಹಾಕಿದವರು. ಕಳೆದ ವರ್ಷ ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ಮೈಯಲ್ಲಿ ನೀರು ತುಂಬಿ, ಪ್ರತಿ ಸಲ ನಾಲ್ಕು, ನಾಲ್ಕೂವರೆ ಕೆಜಿ ಏರಿಸಿಕೊಂಡು ಬರುತ್ತಿದ್ದರು. ಮಷೀನ್ ಶುರುವಾದ ಮೂರನೇ ಗಂಟೆಗೆ ಬಿಪಿ ಬೀಳುತ್ತಿತ್ತು. ಕಾಲು ಸೆಳೆದುಕೊಂಡು ಕೂಗುತ್ತಿದ್ದರು. ನೀರು ಕಡಿಮೆ ಮಾಡಿ ಅಂತ ಎಷ್ಟು ಹೇಳಿದರೂ ಅಷ್ಟೆ. ಹಟಮಾರಿ ಮನುಷ್ಯ ಅಂತ ಘಟಕದಲ್ಲಿ ಎಲ್ಲರೂ ತೀರ್ಮಾನ ಮಾಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಈಗ ಅವರು ಎರಡೂವರೆ ಕೆಜಿ ಒಳಗೆ ಬರುತ್ತಾರೆ. ಐದು ತಿಂಗಳಿಂದ ಹೀಗೇ ಇದೆ. ಅವರೊಬ್ಬರೇ ಅಲ್ಲ. ನಾನು ಹಿಡಿದ 19 ಜನರಲ್ಲಿ 12 ಜನರು ಏರಿಸಿಕೊಂಡು ಬರುವ ತೂಕ ಇಳಿದಿದೆ. "ವಯಸ್ಸಾದವರು, ಮರೀತಾರೆ, ಬಿಡಮ್ಮ" ಅಂದವರೇ ಈಗ ನನ್ನ ಪುಸ್ತಕ ಕೇಳಿ ನೋಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೋಲಾರ ಜಿಲ್ಲೆಯ ಒಂದು ಡಯಾಲಿಸಿಸ್ ಘಟಕದಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್ ಆಗಿದ್ದೇನೆ.

ಒಂದು ಸೋಮವಾರ ಮಷೀನ್ ಓಡುತ್ತಿದ್ದ ಎರಡನೇ ಗಂಟೆಯಲ್ಲಿ ತಾತನ ಪಕ್ಕ ನಿಂತು, ರಕ್ತದಲ್ಲಿ ಫಾಸ್ಫರಸ್ ಏರದಂತೆ ಕೊಡುವ ಮಾತ್ರೆಯನ್ನು ಊಟದ ಜೊತೆಯಲ್ಲೇ ನುಂಗಬೇಕು ಅಂತ ಬಿಡಿಸಿ ಹೇಳಿದೆ. ತಲೆ ಆಡಿಸಿದರು. ಹತ್ತು ನಿಮಿಷ ಬಿಟ್ಟು ಏನು ಹೇಳಿದೆ ಅಂತ ಕೇಳಿದೆ. "ನೀನು ಏನೂ ಹೇಳಲಿಲ್ವಲ್ಲಮ್ಮ" ಅಂದರು. ಮುಖದಲ್ಲಿ ಸುಳ್ಳು ಇರಲಿಲ್ಲ. ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಅವರಿಗೆ ಗೊತ್ತಿರುವ ಲೆಕ್ಕವೇ ಕೇಳೋಣ ಅನ್ನಿಸಿತು. "ತಾತ, 15 ಕೆಜಿ ಬಾಕ್ಸ್ 220 ರೂಪಾಯಿ. ನಾಲ್ಕು ಬಾಕ್ಸಿಗೆ ಎಷ್ಟು?" ಮೇಲೆ ಫ್ಯಾನ್ ನೋಡುತ್ತಾ ಮಲಗಿದ್ದರು. ಉತ್ತರ ಬರಲೇ ಇಲ್ಲ. ಬುಧವಾರ ಬೆಳಿಗ್ಗೆ ತೂಕ ನೋಡಿ ಕೂರಿಸಿದಾಗ, ಸೂಜಿ ಚುಚ್ಚುವ ಮೊದಲು ಅದೇ ಲೆಕ್ಕ ಕೇಳಿದೆ. "ಎಂಟುನೂರ ಎಂಬತ್ತು. ಕಮಿಷನ್ ಕಳೆದು ಹೇಳ್ಲಾ?" ಅಂದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹನ್ನೊಂದು ವರ್ಷ ನಾನು ರೋಗಿಗಳಿಗೆ ಬುದ್ಧಿ ಹೇಳಿದ್ದೆಲ್ಲಾ ಮಷೀನ್ ಓಡುವಾಗಲೇ. ಆಗಲೇ ನಮಗೆ ಬಿಡುವು, ಅಲ್ವಾ?

ಆಮೇಲೆ ಹುಡುಕಿ ಓದಿದೆ. ಅಮೆರಿಕದಲ್ಲಿ ಆನ್ ಮರ್ರೆ ಅನ್ನುವ ಸಂಶೋಧಕಿಯ ತಂಡ ಇದನ್ನು 2007ರಲ್ಲೇ ತೋರಿಸಿತ್ತು. ರೋಗಿಯ ನೆನಪು, ಗಮನ ಎಲ್ಲಾ ತೀರಾ ಕೆಳಗಿರುವುದು ಡಯಾಲಿಸಿಸ್ ನಡೆಯುವಾಗ. ಚೆನ್ನಾಗಿರುವುದು ಶುರುವಾಗುವ ಮೊದಲು, ಇಲ್ಲಾ ಮಾರನೇ ದಿನ. ಅದೇ ತಂಡ 2006ರಲ್ಲಿ 55 ವರ್ಷ ದಾಟಿದ 338 ಡಯಾಲಿಸಿಸ್ ರೋಗಿಗಳನ್ನು ಪರೀಕ್ಷೆ ಮಾಡಿತ್ತು. ನೂರಕ್ಕೆ 37 ಜನರಿಗೆ ನೆನಪು, ಯೋಚನೆಯ ತೀವ್ರ ತೊಂದರೆ, 36 ಜನರಿಗೆ ಮಧ್ಯಮ. ಫೈಲಿನಲ್ಲಿ ಅದು ಬರೆದಿದ್ದದ್ದು ನೂರಕ್ಕೆ ಮೂವರಿಗೂ ಇಲ್ಲ. ನಮ್ಮ ಘಟಕದ ಫೈಲುಗಳನ್ನೂ ತೆಗೆದು ನೋಡಿದೆ. ಒಬ್ಬರದ್ದರಲ್ಲೂ ಇರಲಿಲ್ಲ.

ಮೊದಲು ಮಾಡಿದ್ದೆಲ್ಲಾ ಕೆಟ್ಟಿತು. ದೊಡ್ಡ ಅಕ್ಷರದಲ್ಲಿ ಚಾರ್ಟ್ ಮಾಡಿ ಲ್ಯಾಮಿನೇಷನ್ ಹಾಕಿಸಿದೆ. 900 ರೂಪಾಯಿ ಹೋಯಿತು. ಅರ್ಧ ಜನಕ್ಕೆ ಓದು ಬರಲ್ಲ. ಓದು ಬರುವವರು ದೇವರ ಪಟದ ಹಿಂದೆ ಸಿಕ್ಕಿಸಿಟ್ಟರು. ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟೆ. ಅಲಾರಂ ಹೊಡೆದರೆ ಆಫ್ ಮಾಡುತ್ತಾರೆ, ಯಾಕೆ ಹೊಡೆಯಿತು ಅಂತ ಮರೆಯುತ್ತಾರೆ. ಮಕ್ಕಳಿಗೆ ಹೇಳಿದೆ. ಮಗ ಬೆಂಗಳೂರಿನಲ್ಲಿ, ಸೊಸೆ ರೇಷ್ಮೆ ಕೆಲಸದಲ್ಲಿ. ಒಬ್ಬರ ಮನೆಯವರು ನೆನಪಿನ ಶಕ್ತಿಗೆ ಅಂತ ಯಾವುದೋ ಟಾನಿಕ್ ತಂದರು. ಒಳಗೆ ಏನಿದೆ ಅಂತ ಬಾಟಲಿ ಮೇಲೆ ಸರಿಯಾಗಿ ಬರೆದೇ ಇರಲಿಲ್ಲ. ಕಿಡ್ನಿ ಹೋದವರಿಗೆ ಅಂಥದ್ದು ಕೊಡಬೇಡಿ ಅಂತ ಜಗಳ ಮಾಡಿ ನಿಲ್ಲಿಸಿದೆ.

ಕೊನೆಗೆ ಕೈಹಿಡಿದದ್ದು ಇಷ್ಟೆ. ತೂಕ ಆದ ಮೇಲೆ, ಸೂಜಿ ಚುಚ್ಚುವ ಮೊದಲು ಒಬ್ಬೊಬ್ಬರಿಗೆ ಹತ್ತು ನಿಮಿಷ. ಒಂದು ದಿನಕ್ಕೆ ಒಂದೇ ಮಾತು. ಹೇಳಿದ್ದನ್ನು ಅವರ ಬಾಯಲ್ಲೇ ವಾಪಸ್ ಹೇಳಿಸುವುದು. ಮಾರನೇ ದಿನ ಸಂಜೆ ಫೋನ್ ಮಾಡಿ ಇನ್ನೊಂದು ಸಲ ಹೇಳಿಸುವುದು. ಎರಡನೇ ಮಾತು ಮುಂದಿನ ವಾರವೇ. ನನಗೆ ಆತುರ ಜಾಸ್ತಿ, ಮೊದಲ ತಿಂಗಳು ಮೂರು ಮಾತು ತುರುಕಲು ಹೋಗಿ ಎಲ್ಲಾ ಕಲಸಿಹೋಯಿತು.

ಜೊತೆಗೆ ಮಾತ್ರೆ ಇಡಲು ಬಟ್ಟೆ ಚೀಲ. ಮೂರು ಜೇಬು, ಮೂರು ಬಣ್ಣ. ಹಳದಿ ಬೆಳಿಗ್ಗೆ, ಕೆಂಪು ಊಟದ ಜೊತೆ, ನೀಲಿ ಮಲಗುವಾಗ. ಡಯಾಲಿಸಿಸ್ ದಿನ ಬೆಳಿಗ್ಗೆ ಬಿಪಿ ಮಾತ್ರೆ ಬೇಡ ಅಂತ ಡಾಕ್ಟರ್ ಹೇಳಿದವರಿಗೆ ಹಳದಿ ಜೇಬಿಗೆ ಒಂದು ಗುಂಡಿ. ಆವತ್ತು ಗುಂಡಿ ಹಾಕಿರಬೇಕು. ನೀರಿಗೆ ಅರ್ಧ ಲೀಟರ್ ಬಾಟಲಿ. ಬೆಳಿಗ್ಗೆ ತುಂಬಿಡಬೇಕು. ಕಾಫಿ, ಮಜ್ಜಿಗೆ, ಮುದ್ದೆ ಜೊತೆಗಿನ ಸಾರು, ಏನು ಕುಡಿದರೂ ಅಷ್ಟು ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯಬೇಕು. ಬಾಟಲಿ ಖಾಲಿಯಾದರೆ ಆವತ್ತಿನ ಲೆಕ್ಕ ಮುಗಿಯಿತು. ಮೂತ್ರ ಹೋಗುವವರಿಗೆ ಅದರ ಅಳತೆ ನೋಡಿ ಇನ್ನೊಂದು ಬಾಟಲಿ. ಕೂಡಿಸುವುದು, ಕಳೆಯುವುದು ಏನೂ ಬೇಡ. ಕಿಡ್ನಿ ರೋಗದಲ್ಲಿ ಮೊದಲು ಪೆಟ್ಟು ತಿನ್ನುವುದು ಹೀಗೆ ಲೆಕ್ಕ ಇಟ್ಟು, ಒಂದರ ನಂತರ ಒಂದು ಯೋಚಿಸಿ ಮಾಡುವ ಶಕ್ತಿ. ಹಳೇ ನೆನಪು ಗಟ್ಟಿಯಾಗೇ ಇರುತ್ತದೆ. ಅದಕ್ಕೇ ಮನೆಯವರಿಗೂ ಗೊತ್ತಾಗಲ್ಲ. ಅಪ್ಪ ಮದುವೆ ದಿನದ ಅಡುಗೆಯನ್ನೂ ಹೇಳುತ್ತಾರೆ, ಇವರಿಗೇನು ಮರೆವು ಅಂತಾರೆ.

ನೆನಪು, ಗಮನದ ಪರೀಕ್ಷೆಗೆ ಪೆನ್ನು, ಕಾಗದ ಬಿಟ್ಟೆ. ಗಡಿಯಾರದ ಚಿತ್ರ ಬಿಡಿಸಿ ಅಂದರೆ ಶಾಲೆಗೆ ಹೋಗದವರಿಗೆ ಅವಮಾನ ಆಗುತ್ತದೆ. ಬಾಯಿಮಾತಲ್ಲೇ ಕೇಳುತ್ತೇನೆ: "ಸೋಮವಾರ ಒಂದು, ಮಂಗಳವಾರ ಎರಡು, ಹೀಗೇ ಮುಂದೆ ಹೇಳಿ." ಒಂದು ನಿಮಿಷದಲ್ಲಿ ಎಷ್ಟು ತರಕಾರಿ ಹೆಸರು ಬರುತ್ತದೆ ಅಂತ ಎಣಿಸುತ್ತೇನೆ. ಇನ್ನೊಂದು ಪ್ರಶ್ನೆ ಇದೆ. "ಎಲ್ಲಾ ಗೊತ್ತು ಬಿಡಮ್ಮ" ಅನ್ನುವವರು ಅದರಲ್ಲಿ ಸಿಕ್ಕಿಬೀಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ. ಹರಡಿದರೆ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ನನ್ನ ಕೆಲಸ ಕೆಡುತ್ತದೆ.

ಇನ್ನು ಮೈಯಲ್ಲಿ ತುಂಬಿದ ನೀರನ್ನು ಮಷೀನ್‌ನಿಂದ ಎಳೆಯುವ ವಿಷಯ. ಗಂಟೆಗೆ, ಮೈತೂಕದ ಒಂದು ಕೆಜಿಗೆ 13 ಎಂಎಲ್ ದಾಟಬಾರದು ಅಂತ ನಮಗೆಲ್ಲಾ ಗೊತ್ತು. ತಾತ 52 ಕೆಜಿ. ನಾಲ್ಕು ಗಂಟೆಗೆ 2.7 ಲೀಟರ್ ಅವರ ಮಿತಿ. ನಾವು ನಾಲ್ಕೂವರೆ ಎಳೆಯುತ್ತಿದ್ದೆವು. ಬಿಪಿ ಬಿದ್ದರೆ ಸಲೈನ್ ಹಾಕಿ ಸರಿಮಾಡಿದೆವು ಅಂದುಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ಮೆದುಳಿಗೆ ರಕ್ತ ಕಡಿಮೆ ಹೋಗಿರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿದ್ದಾರೆ, ಡಯಾಲಿಸಿಸ್ ನಡೆಯುವಾಗ ಮೆದುಳಿಗೆ ಹೋಗುವ ರಕ್ತ ಸರಾಸರಿ ನೂರಕ್ಕೆ ಹತ್ತರಷ್ಟು ಇಳಿದಿತ್ತು. ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ. ಇದನ್ನು ತಿಳಿದ ಮೇಲೆ ಸುಮ್ನೆ ಮಷೀನ್ ಒತ್ತಲು ನನಗೆ ಕೈ ಬರಲ್ಲ. ಜಾಸ್ತಿ ಏರಿಸಿಕೊಂಡು ಬಂದವರಿಗೆ ಡಾಕ್ಟರ್ ಹತ್ತಿರ ಕೇಳಿ ಇನ್ನೊಂದು ದಿನ ಹಾಕಿಸುತ್ತೇನೆ. ಖಾಲಿ ಮಷೀನ್ ಹುಡುಕುವುದೇ ಒಂದು ಯುದ್ಧ.

ಬಿಪಿ ಬೀಳದಿರಲಿ ಅಂತ ಡಯಾಲಿಸೇಟ್, ಅಂದರೆ ರಕ್ತ ಶುದ್ಧ ಮಾಡಲು ಮಷೀನ್‌ನಲ್ಲಿ ಹರಿಯುವ ದ್ರಾವಣ, ತಣ್ಣಗೆ ಮಾಡಿಯೂ ನೋಡಿದೆವು. 2015ರಲ್ಲಿ ಇಂಗ್ಲೆಂಡಿನಲ್ಲಿ 73 ಜನರ ಮೇಲೆ ಮಾಡಿದ್ದರು. ಮೈ ಬಿಸಿಗಿಂತ ಅರ್ಧ ಡಿಗ್ರಿ ಕಡಿಮೆ ಇಟ್ಟವರ ಮೆದುಳಿನ ಬಿಳಿ ಭಾಗ ಒಂದು ವರ್ಷ ಆದರೂ ಕೆಟ್ಟಿರಲಿಲ್ಲ. 2022ರಲ್ಲಿ ಕೆನಡಾದವರು 15 ಸಾವಿರಕ್ಕೂ ಹೆಚ್ಚು ಜನರಲ್ಲಿ ನೋಡಿದಾಗ ಹೃದಯ, ಸ್ಟ್ರೋಕ್ ಲೆಕ್ಕದಲ್ಲಿ ವ್ಯತ್ಯಾಸ ಬರಲಿಲ್ಲ, ಚಳಿ ಅಂದವರು ಜಾಸ್ತಿ. ನಮ್ಮಲ್ಲಿ ಡಾಕ್ಟರ್ ಬರೆದುಕೊಟ್ಟ ಆರು ಜನರಿಗೆ 36 ಡಿಗ್ರಿಗೆ ಇಟ್ಟೆ. ನಾಲ್ವರಿಗೆ ಬಿಪಿ ಬೀಳುವುದು ಕಡಿಮೆಯಾಯಿತು. ಇಬ್ಬರು ಡಿಸೆಂಬರ್ ಚಳಿಯಲ್ಲಿ ನಡುಗಿ ಬೇಡ ಅಂದರು. ಕಂಬಳಿಗೆ 180ರಂತೆ ಆರು ತಂದಿದ್ದೆ. ನನಗೆ ಇದರಲ್ಲಿ ನಂಬಿಕೆ ಇದೆ. ಆದರೆ ಎಲ್ಲರಿಗೂ ಒಂದೇ ಡಿಗ್ರಿ ಅಂತ ಇಡಬಾರದು.

ಒಂದು ಎಚ್ಚರಿಕೆ ಹೇಳಲೇಬೇಕು. ಒಬ್ಬರು ಅಜ್ಜಿ ಒಂದೇ ವಾರದಲ್ಲಿ ತೂಕಡಿಸುತ್ತಾ, ಕೈ ಜರ್ಕ್ ಹೊಡೆಯುತ್ತಾ, ಸತ್ತುಹೋದ ತಂಗಿಯನ್ನು ಕರೆಯುತ್ತಾ ಬಂದರು. ಮನೆಯವರು ತಾಯತ ಕಟ್ಟಿಸಲು ಹೊರಟಿದ್ದರು. ಮಾತ್ರೆ ಚೀಲ ಸುರಿದು ನೋಡಿದರೆ ಪ್ರಿಗಾಬಲಿನ್ ಅನ್ನುವ ಮಾತ್ರೆ. ಕಾಲು ಉರಿಗೆ ಅಂತ ಒಂದು ಕ್ಲಿನಿಕ್‌ನಲ್ಲಿ ದಿನಕ್ಕೆ ಎರಡು ಬರೆದಿದ್ದರು. ಅದು ಹೊರಗೆ ಹೋಗುವುದು ಕಿಡ್ನಿಯಿಂದಲೇ. ನಮ್ಮ ಡಾಕ್ಟರ್ ನಿಲ್ಲಿಸಿದರು. ಎರಡು ಡಯಾಲಿಸಿಸ್ ಆದ ಮೇಲೆ ಅಜ್ಜಿ ನನ್ನ ಸೀರೆ ಬಣ್ಣದ ಬಗ್ಗೆ ಮಾತಾಡಿದರು. ಗಾಬಾಪೆಂಟಿನ್, ಬ್ಯಾಕ್ಲೋಫೆನ್ ಮಾತ್ರೆಗಳು ಕೂಡ ಹೀಗೇ. ಕಿಡ್ನಿ ಹೋದವರು ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣು ತಿಂದರೆ ಮೊದಲು ಬಿಡದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ದಿಢೀರನೆ ತಲೆ ಕೆಟ್ಟಿತು ಅಂದರೆ ಮೊದಲು ಚೀಲ ಸುರಿಯಿರಿ.

ಆರ್‌ಒ ಅಂದರೆ ಡಯಾಲಿಸಿಸ್‌ಗೆ ನೀರು ಶುದ್ಧ ಮಾಡುವ ಮಷೀನ್ ಕಡೆಗೂ ಸ್ವಲ್ಪ ದಿನ ತಲೆ ಕೆಡಿಸಿಕೊಂಡೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 1400ರ ಹತ್ತಿರ. 1970ರ ದಶಕದಲ್ಲಿ ನೀರಿನ ಅಲ್ಯೂಮಿನಿಯಂನಿಂದ ಡಯಾಲಿಸಿಸ್ ರೋಗಿಗಳಿಗೆ ಬುದ್ಧಿಭ್ರಮಣೆ ಬಂದು ಸತ್ತದ್ದು ಓದಿದ್ದೆ. ಡಯಾಲಿಸಿಸ್ ನೀರಿನಲ್ಲಿ ಅಲ್ಯೂಮಿನಿಯಂ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಟಿಡಿಎಸ್ ಮೀಟರ್ ಅದನ್ನು ಬೇರೆಯಾಗಿ ತೋರಿಸಲ್ಲ. ಲ್ಯಾಬಿಗೆ ಕಳಿಸಿ ಎಂದು ಮೂರು ಸಲ ಬರೆದುಕೊಟ್ಟ ಮೇಲೆ ಕಳಿಸಿದರು. ನಮ್ಮದು ಸರಿ ಇತ್ತು. ಮಂಚದ ತುದಿಗೆ ಹಳೇ ಪೆಡಲ್ ಇಟ್ಟು ಮೊದಲ ಒಂದೂವರೆ ಗಂಟೆ ತುಳಿಸಿದ್ದೂ ಆಯಿತು. ಮೂವರಿಗೆ ಖುಷಿ, ಉಳಿದವರಿಗೆ ಬೇಡ. 600 ರೂಪಾಯಿ.

ಒಟ್ಟು ನನ್ನ ಕೈಯಿಂದ ಹೋದದ್ದು ಐದು ಸಾವಿರದ ಹತ್ತಿರ. ಚೀಲ ಒಂದಕ್ಕೆ 40. ತಾತ ಮೊನ್ನೆ ತಮ್ಮ ಚೀಲವನ್ನು ಪಕ್ಕದ ಹಾಸಿಗೆಗೆ ಬಂದ ಹೊಸಬರಿಗೆ ತೋರಿಸಿ, ಕೆಂಪು ಜೇಬು ಯಾಕೆ ಅಂತ ಹೇಳಿಕೊಡುತ್ತಿದ್ದರು. ಸೂಜಿ ಇನ್ನೂ ಚುಚ್ಚಿರಲಿಲ್ಲ. ಮುಂದಿನ ತಿಂಗಳಿಂದ ಮಧ್ಯಾಹ್ನದ ಶಿಫ್ಟ್‌ನವರಿಗೂ ಶುರು. ಟೈಲರ್ ಅಕ್ಕ ಈ ಸಲ 45 ಕೇಳುತ್ತಿದ್ದಾರೆ.