ಟ್ಯಾಕ್ರೊಲಿಮಸ್ ಲೆವೆಲ್ ಯಾಕೆ ಏರಿಳಿಯುತ್ತದೆ? ಕಿಡ್ನಿ ಕಸಿಯಾದ ಮಕ್ಕಳ ಜೊತೆ ನಾನು ಮಾಡಿದ ಅಧ್ಯಯನ

ನಾನು ಮಕ್ಕಳ ಕಿಡ್ನಿ ವೈದ್ಯೆ. ಕಸಿಯಾದ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದವಳು. ಪುಟ್ಟ ಮಕ್ಕಳಿಗಿಂತ ಹದಿಹರೆಯದವರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ. ಐದು ವರ್ಷದ ಮಗುವಿಗೆ ಅಮ್ಮ ಮಾತ್ರೆ ನುಂಗಿಸುತ್ತಾಳೆ. ಹದಿನಾರರ ಹುಡುಗನಿಗೆ ಯಾರು ನುಂಗಿಸುತ್ತಾರೆ? ಅಮೆರಿಕದ ಕಸಿ ದಾಖಲೆಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಕಸಿ ಮಾಡಿದ ಕಿಡ್ನಿ ಕೈಕೊಡುವ ಅಪಾಯ ಅತಿ ಹೆಚ್ಚು ಕಂಡದ್ದು 17ರಿಂದ 24ರ ವಯಸ್ಸಿನಲ್ಲಿ. ಚಿಕ್ಕಂದಿನಲ್ಲೇ ಕಸಿಯಾಗಿ, ಹತ್ತು ವರ್ಷ ಚೆನ್ನಾಗಿ ನಡೆದ ಕಿಡ್ನಿಯೂ ಈ ವಯಸ್ಸಿನಲ್ಲಿ ಎಡವಬಹುದು. ಅದನ್ನು ಕಣ್ಣಾರೆ ಕಂಡ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಹಾಗಾಗಿ ನಮ್ಮದೇ ಮಕ್ಕಳ ಹಳೆಯ ರಕ್ತಪರೀಕ್ಷೆಗಳಿಂದ ಶುರು ಮಾಡಿದೆ. ಹೊಸ ಕಿಡ್ನಿ ದೇಹಕ್ಕೆ ಹೊರಗಿನದು. ದೇಹ ಅದರ ಮೇಲೆ ಬೀಳದಂತೆ ತಡೆಯಲು ಕೊಡುವ ಮುಖ್ಯ ಔಷಧಿ ಟ್ಯಾಕ್ರೊಲಿಮಸ್. ಸಾಮಾನ್ಯವಾಗಿ 12 ಗಂಟೆಗೊಮ್ಮೆ ತಗೋಬೇಕು. ಬೆಳಗಿನ ಡೋಸ್‌ಗೆ ಮೊದಲು ರಕ್ತ ತೆಗೆದು ಲೆವೆಲ್, ಅಂದರೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ, ನೋಡುತ್ತೇವೆ. ಕಡಿಮೆಯಾದರೆ ರಿಜೆಕ್ಷನ್, ಅಂದರೆ ದೇಹ ಕಿಡ್ನಿಯನ್ನು ತಿರಸ್ಕರಿಸುವ ಭಯ. ಜಾಸ್ತಿಯಾದರೆ ಕೈ ನಡುಕ, ಸೋಂಕು, ಕಿಡ್ನಿಗೇ ಪೆಟ್ಟು. ನಡುವಿನ ದಾರಿ ತುಂಬಾ ಕಿರಿದು.

ಬಹಳ ಕಾಲ ನಾನು ನೋಡುತ್ತಿದ್ದದ್ದು ಇವತ್ತಿನ ಲೆವೆಲ್ ಒಂದನ್ನೇ. ಸರಿ ಇದೆಯಾ, ಮುಂದಿನ ತಿಂಗಳು ಬಾ. ಆದರೆ ಎರಡು ಮಕ್ಕಳ ಐದೈದು ಲೆವೆಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಮಗುವಿನದು 6, 5, 7, 6, 6. ಇನ್ನೊಂದರದು 3, 9, 4, 10, 4. ಎರಡಕ್ಕೂ ಸರಾಸರಿ 6. ಇಬ್ಬರೂ ಒಂದೇ ಅಂತೀರಾ? ಏರಿಳಿತವನ್ನು ಸರಾಸರಿಯ ಶೇಕಡಾ ಲೆಕ್ಕದಲ್ಲಿ ತೆಗೆದರೆ ಮೊದಲನೆಯದಕ್ಕೆ ಸುಮಾರು 12 ಬರುತ್ತದೆ, ಎರಡನೆಯದಕ್ಕೆ 54. ಈ ಸಂಖ್ಯೆ 30ರ ಮೇಲೆ ಹೋದ ಮಕ್ಕಳಲ್ಲಿ ರಿಜೆಕ್ಷನ್ ಜಾಸ್ತಿ, ಕಿಡ್ನಿಯ ವಿರುದ್ಧ ದೇಹ ಹೊಸ ಆಂಟಿಬಾಡಿ ಕಟ್ಟುವುದೂ ಜಾಸ್ತಿ ಎಂದು ಹಲವು ಕೇಂದ್ರಗಳ ಅಧ್ಯಯನಗಳು ಹೇಳಿವೆ. ನಮ್ಮ ಮಕ್ಕಳಲ್ಲಿ ಈ ಏರಿಳಿತ ಎಷ್ಟಿದೆ, ಯಾಕಿದೆ? ಇದೇ ನನ್ನ ಪ್ರಶ್ನೆಯಾಯಿತು.

ನಿಜ ಹೇಳಬೇಕೆಂದರೆ, ಉತ್ತರ ಗೊತ್ತಿದೆ ಅಂದುಕೊಂಡೇ ಶುರು ಮಾಡಿದ್ದೆ. ಏರಿಳಿತ ಇದ್ದರೆ ಮಗು ಮಾತ್ರೆ ತಪ್ಪಿಸುತ್ತಿದೆ, ಅಷ್ಟೇ. ಕಸಿಯಾದ ಮೊದಲ ಆರು ತಿಂಗಳು ನಾವೇ ಡೋಸ್ ಬದಲಿಸುತ್ತಾ ಇರುತ್ತೇವೆ. ಹಾಗಾಗಿ ಆ ಅವಧಿಯನ್ನು ಬಿಟ್ಟು ಉಳಿದ ಲೆವೆಲ್‌ಗಳನ್ನೆಲ್ಲ ಒಂದು ಪಟ್ಟಿಗೆ ತುಂಬಿದೆ. ಜಾಸ್ತಿ ಏರಿಳಿತ ಇರುವ ಮಕ್ಕಳ ಹೆಸರಿನ ಮುಂದೆ ಕೆಂಪು ಬಣ್ಣ ಹಾಕಿದೆ. ಆಮೇಲೆ ಒಬ್ಬೊಬ್ಬರ ಫೈಲ್ ತೆಗೆದು ಆಯಾ ದಿನ ಏನಾಗಿತ್ತು ಅಂತ ಓದಲು ಕೂತೆ. ಅಲ್ಲಿಂದ ನನ್ನ ಲೆಕ್ಕ ತಲೆಕೆಳಗಾಯಿತು.

ಒಂದು ಮಗುವಿಗೆ ಲೆವೆಲ್ ಏರಿದ ವಾರ ಭೇದಿ ಇತ್ತು. ಭೇದಿಯಾದಾಗ ಕರುಳು ಟ್ಯಾಕ್ರೊಲಿಮಸ್ಸನ್ನು ಜಾಸ್ತಿ ಹೀರಿಕೊಂಡು ರಕ್ತದಲ್ಲಿ ಲೆವೆಲ್ ಏರುತ್ತದೆ. ನೋಡುವವರಿಗೆ ಇದು ಉಲ್ಟಾ ಅನಿಸಬಹುದು. ಇನ್ನೊಬ್ಬನಿಗೆ ಬೇರೆ ವೈದ್ಯರು ಕ್ಲಾರಿಥ್ರೊಮೈಸಿನ್ ಕೊಟ್ಟಿದ್ದರು. ಅದೂ ಲೆವೆಲ್ ಏರಿಸುತ್ತದೆ. ಫ್ಲುಕೊನಜೋಲ್ ಕೂಡ ಹಾಗೇ. ರಿಫಾಂಪಿಸಿನ್, ಫೆನಿಟಾಯಿನ್ ಇದ್ದರೆ ಇಳಿಯುತ್ತದೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ, ಅಲ್ವಾ?

ಒಬ್ಬಳ ವಿಷಯ ಮಾತ್ರ ವಿವರವಾಗಿ ಹೇಳಬೇಕು. ಹದಿನಾಲ್ಕು ವರ್ಷದ ಹುಡುಗಿ. ಅವಳ ಲೆವೆಲ್ ಸಾಮಾನ್ಯವಾಗಿ 6ರ ಆಸುಪಾಸು. ಒಂದು ದಿನ 18 ಬಂತು. ನಾನು ಡೋಸ್ ಇಳಿಸಿದೆ. ಮುಂದಿನ ಸಲ 3. ಮತ್ತೆ ಏರಿಸಿದೆ. ಅದರ ಮುಂದಿನ ಸಲ 15. "ಸರಿಯಾಗಿ ತಗೊಳ್ತಾ ಇದ್ದೀಯಾ?" ಅಂತ ಅವಳ ಅಪ್ಪನ ಎದುರಿಗೇ ಗದರಿದ್ದೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ತಿಂಗಳುಗಳ ನಂತರ ಈ ಅಧ್ಯಯನಕ್ಕಾಗಿ ಅವಳ ಪಕ್ಕ ಕೂತು, ರಕ್ತ ಕೊಡುವ ದಿನ ಬೆಳಿಗ್ಗೆ ಏನೇನು ಮಾಡ್ತೀಯ ಅಂತ ಮೊದಲಿಂದ ಕೇಳಿದೆ. ಎದ್ದು, ಹಲ್ಲುಜ್ಜಿ, ಮಾತ್ರೆ ನುಂಗಿ, ಆಮೇಲೆ ಆಸ್ಪತ್ರೆಗೆ ಹೊರಡುತ್ತೇನೆ ಅಂದಳು. ಒಂದು ದಿನವೂ ಮಾತ್ರೆ ತಪ್ಪಿಸಬಾರದು ಅಂತ ನಾವೇ ಹೇಳಿದ್ದೆವಲ್ಲ. ಸಾಲು ಉದ್ದ ಇದ್ದರೆ ತಡವಾಗುತ್ತದೆ ಅನ್ನೋ ಭಯಕ್ಕೆ ಕೆಲವು ಸಲ ಮನೆಯಲ್ಲೇ ನುಂಗಿ ಬರುತ್ತಿದ್ದಳು. ನುಂಗಿದ ಒಂದೆರಡು ಗಂಟೆಗೆ ರಕ್ತ ತೆಗೆದರೆ ಲೆವೆಲ್ ಶಿಖರದಲ್ಲಿರುತ್ತದೆ. 18 ಬಂದದ್ದು ಅದಕ್ಕೆ. 3 ಬಂದದ್ದು ನಾನು ಡೋಸ್ ಇಳಿಸಿದ್ದಕ್ಕೆ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಬಣ್ಣ ಇತ್ತು. ಎಲ್ಲರಿಗಿಂತ ನಿಷ್ಠೆಯಿಂದ ಮಾತ್ರೆ ತಗೊಳ್ಳುವ ಹುಡುಗಿ ಅವಳು.

ಅವತ್ತು ಅವಳ ಹತ್ತಿರವೂ, ಅವಳ ಅಪ್ಪನ ಹತ್ತಿರವೂ ಕ್ಷಮೆ ಕೇಳಿದೆ.

ಆಮೇಲೆ ಇಡೀ ಪಟ್ಟಿಯನ್ನು ಹೊಸದಾಗಿ ಮಾಡಿದೆ. ಕೊನೆಯ ಮಾತ್ರೆ ಎಷ್ಟು ಗಂಟೆಗೆ, ರಕ್ತ ತೆಗೆದದ್ದು ಎಷ್ಟು ಗಂಟೆಗೆ, ವಾಂತಿ-ಭೇದಿ ಇತ್ತಾ, ಹೊಸ ಔಷಧಿ ಏನಾದರೂ ಇತ್ತಾ, ನಾವು ಡೋಸ್ ಬದಲಿಸಿದ್ದೆವಾ. ಹಳೆಯ ಫೈಲ್‌ಗಳಲ್ಲಿ ಅರ್ಧದಷ್ಟು ಉತ್ತರ ಇರಲೇ ಇಲ್ಲ. ಹಳೆಯದನ್ನು ಅಷ್ಟಕ್ಕೇ ಬಿಟ್ಟು, ಅಲ್ಲಿಂದ ಮುಂದಿನ ಮಾಹಿತಿಯನ್ನು ಹೊಸ ಫಾರ್ಮ್‌ನಲ್ಲಿ ಸೇರಿಸುತ್ತಾ ಹೋದೆ. ನನ್ನ ಹಾಗೆ ಮಕ್ಕಳ ಸಂಶೋಧನೆಗೆ ಇಳಿಯುವವರಿಗೆ ಒಂದು ಮಾತು: ಹಳೆಯ ಫೈಲ್‌ಗಳಲ್ಲಿ ಸಂಖ್ಯೆ ಸಿಗುತ್ತದೆ, ಆ ಬೆಳಿಗ್ಗೆ ಏನಾಯಿತು ಅನ್ನೋದು ಸಿಗುವುದಿಲ್ಲ.

ಇದೇ ತೊಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನೋ ಲೆಕ್ಕದಲ್ಲೂ ಬಂತು. ಮಕ್ಕಳಿಗೆ ನಾವು ಬಳಸುವುದು 2009ರ ಶ್ವಾರ್ಟ್ಜ್ ಸೂತ್ರ: 0.413 ಅನ್ನು ಸೆಂಟಿಮೀಟರ್ ಎತ್ತರದಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ (ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಒಂದು ತ್ಯಾಜ್ಯ) ಭಾಗಿಸುವುದು. ಕ್ರಿಯಾಟಿನಿನ್ 0.9, ಎತ್ತರ 120 ಇದ್ದರೆ 55 ಬರುತ್ತದೆ. ಮಗು 128ಕ್ಕೆ ಬೆಳೆದಿದ್ದರೆ 59. ಕೆಲವು ಫೈಲ್‌ಗಳಲ್ಲಿ ಹಳೆಯ ಎತ್ತರವೇ ಉಳಿದುಕೊಂಡಿತ್ತು. ಕಾಗದದ ಮೇಲೆ ಕಿಡ್ನಿ ಕುಗ್ಗುತ್ತಿತ್ತು. ಮಗು ಬೆಳೆಯುತ್ತಿತ್ತು.

ಇಷ್ಟೆಲ್ಲ ಸೋಸಿದ ಮೇಲೂ ಕೆಲವು ಮಕ್ಕಳ ಏರಿಳಿತ ಹಾಗೇ ಉಳಿಯಿತು. ಇವರು ನಿಜವಾಗಿ ಮಾತ್ರೆ ತಪ್ಪಿಸುತ್ತಿದ್ದರು. ಈಗ ಅವರ ಜೊತೆ ಮಾತಾಡಬೇಕಿತ್ತು.

ಇದಕ್ಕೆ ದಾರಿ ತೋರಿಸಿದ್ದು ಕೆನಡಾ ಮತ್ತು ಅಮೆರಿಕದ ಎಂಟು ಕೇಂದ್ರಗಳಲ್ಲಿ ನಡೆದ ಟೇಕ್-ಇಟ್ ಎಂಬ ಪ್ರಯೋಗ. 11ರಿಂದ 24 ವಯಸ್ಸಿನವರಿಗೆ ಎಲೆಕ್ಟ್ರಾನಿಕ್ ಮಾತ್ರೆ ಡಬ್ಬಿ ಕೊಟ್ಟಿದ್ದರು. ಒಂದು ಗುಂಪಿಗೆ ನೆನಪಿನ ಸಂದೇಶ ಕಳಿಸಿ, ಏನು ಅಡ್ಡಿ ಬರುತ್ತಿದೆ ಅಂತ ಕೇಳಿ, ಅದನ್ನು ಬಿಡಿಸಲು ಕೂತು ಮಾತಾಡಿದರು. ಆ ಗುಂಪು ಮಾತ್ರೆ ತಗೊಳ್ಳುವುದರಲ್ಲಿ ಮುಂದೆ ಬಂತು. ನಾವೂ ಚಿಕ್ಕ ಮಟ್ಟದಲ್ಲಿ ಅಂಥ ಡಬ್ಬಿಗಳನ್ನು ಬಳಸಿದೆವು. ಡಬ್ಬಿಯಿಂದ ಗೊತ್ತಾಗುವುದು ಮುಚ್ಚಳ ತೆರೆದದ್ದು ಮಾತ್ರ. ಮಾತ್ರೆ ಹೊಟ್ಟೆಗೆ ಹೋಯಿತಾ ಅನ್ನೋದಲ್ಲ. ಆದರೂ ಯಾವ ಹೊತ್ತಿನ ಮಾತ್ರೆ ತಪ್ಪುತ್ತಿದೆ ಅನ್ನೋದು ಕಾಣುತ್ತದೆ.

ಒಪ್ಪಿಗೆ ಪಡೆಯುವಾಗ ಒಬ್ಬ ಹುಡುಗ ನೇರವಾಗಿ ಕೇಳಿದ: "ನಾನು ಮಾತ್ರೆ ತಗೊಂಡಿಲ್ಲ ಅಂತ ಡಬ್ಬಿ ತೋರಿಸಿದ್ರೆ ಅಮ್ಮನಿಗೆ ಹೇಳ್ತೀರಾ?" ಕಾನೂನಿನ ಪ್ರಕಾರ ಸಹಿ ಹಾಕುವುದು ತಂದೆ-ತಾಯಿ. ಆದರೆ ಮಗುವಿನ ಒಪ್ಪಿಗೆಯನ್ನೂ ಬೇರೆಯಾಗಿ ಕೇಳಬೇಕು, ಮನಸ್ಸಿಟ್ಟು ಕೇಳಬೇಕು. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೇಳಲ್ಲ ಅಂದರೆ, ಕಿಡ್ನಿ ಹಾಳಾಗುವುದನ್ನು ನೋಡುತ್ತಾ ಕೂತ ಹಾಗೆ. ಹೇಳ್ತೀನಿ ಅಂದರೆ ಅವನು ಡಬ್ಬಿ ತೆರೆದು ಮಾತ್ರೆ ಎಸೆಯುತ್ತಾನೆ. ಅಲ್ಲಿಗೆ ನಿಲ್ಲಿಸಿ, ಸಂಶೋಧನೆಗೆ ಅನುಮತಿ ಕೊಡುವ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಮುಂದೆ ಮತ್ತೆ ಹೋದೆ. ಒಂದೆರಡು ಡೋಸ್ ತಪ್ಪಿದರೆ ಅದು ನಮ್ಮಿಬ್ಬರ ನಡುವಿನ ಮಾತು. ಸತತವಾಗಿ ಕೆಲವು ದಿನ ತಪ್ಪಿದರೆ ಮೊದಲು ಅವನಿಗೇ ಹೇಳಿ, ಅವನ ಜೊತೆಗೇ ಕೂತು ಮನೆಯವರಿಗೆ ಹೇಳುವುದು. ಈ ಗೆರೆಯನ್ನು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಬರೆದು, ಶುರುವಿಗೆ ಮೊದಲೇ ಕೈಗೆ ಕೊಟ್ಟೆವು. ಅವನು ಓದಿ, ಸ್ವಲ್ಪ ಯೋಚಿಸಿ, ಒಪ್ಪಿದ.

ಅವನಿಗೆ ತಪ್ಪುತ್ತಿದ್ದದ್ದು ರಾತ್ರಿ ಎಂಟರ ಮಾತ್ರೆ. ಆ ಹೊತ್ತಿಗೆ ಗೆಳೆಯರ ಜೊತೆ ಇರುತ್ತಿದ್ದ. ಅವರಿಗೆ ಕಸಿಯ ವಿಷಯ ಗೊತ್ತಿರಲಿಲ್ಲ. ಅಲಾರಂ ಹೊಡೆದರೆ ಏನಂತ ಹೇಳುವುದು ಅಂತ ಅದನ್ನೇ ಆಫ್ ಮಾಡಿದ್ದ. ಇಷ್ಟು ವರ್ಷ ನಾವು "ಮಾತ್ರೆ ತಪ್ಪಿಸ್ತೀಯಾ?" ಅಂತ ಕೇಳುತ್ತಿದ್ದೆವು. ಅವನು "ಇಲ್ಲ" ಅನ್ನುತ್ತಿದ್ದ. "ಯಾವ ಹೊತ್ತಿನ ಮಾತ್ರೆ ನಿನಗೆ ಕಷ್ಟ?" ಅಂತ ಕೇಳಿದ ದಿನ ಹತ್ತು ನಿಮಿಷ ಮಾತಾಡಿದ. ಅವನನ್ನು ದಿನಕ್ಕೊಂದೇ ಸಲ ತಗೊಳ್ಳುವ, ನಿಧಾನವಾಗಿ ಬಿಡುಗಡೆಯಾಗುವ ಟ್ಯಾಕ್ರೊಲಿಮಸ್‌ಗೆ ಬದಲಿಸಿದೆವು. ಎಲ್ಲ ಮಕ್ಕಳಿಗೂ ಇದು ಹೊಂದುವುದಿಲ್ಲ. ಬದಲಿಸಿದ ಮೇಲೆ ಲೆವೆಲ್ ಮತ್ತೆ ಮತ್ತೆ ನೋಡಬೇಕು. ಅವನಿಗೆ ಹೊಂದಿತು.

ನನ್ನ ಅಧ್ಯಯನ ಚಿಕ್ಕದು. ಒಂದೇ ಕೇಂದ್ರದಲ್ಲಿ ಕಸಿಯಾದ ಮಕ್ಕಳು ಎಷ್ಟಿರುತ್ತಾರೆ ಹೇಳಿ. ಇದರಿಂದ ರಿಜೆಕ್ಷನ್ ಕಡಿಮೆಯಾಯಿತು ಅಂತ ನಾನು ಹೇಳುವುದಿಲ್ಲ, ಹೇಳುವಷ್ಟು ಸಂಖ್ಯೆ ನನ್ನ ಹತ್ತಿರ ಇಲ್ಲ. ಅದಕ್ಕೆ ಹಲವು ಕೇಂದ್ರಗಳು ಒಂದೇ ಫಾರ್ಮ್ ಹಿಡಿದು ಕೆಲಸ ಮಾಡಬೇಕು. ಆ ಮಾತುಕತೆ ಈಗ ಶುರುವಾಗಿದೆ. ಫಲಿತಾಂಶವಾಗಿ ಏನನ್ನು ಅಳೆಯಬೇಕು ಅನ್ನೋ ಚರ್ಚೆಯೂ ಅದರಲ್ಲಿದೆ. ಸಾಂಗ್-ಕಿಡ್ಸ್ ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಮಕ್ಕಳನ್ನೂ ಮನೆಯವರನ್ನೂ ಕೇಳಿದಾಗ, ಕಿಡ್ನಿಯ ಕೆಲಸ, ಸೋಂಕು, ಜೀವ ಉಳಿಯುವುದರ ಜೊತೆಗೆ ಶಾಲೆ, ಆಟ, ಗೆಳೆಯರ ನಡುವಿನ ಬದುಕೂ ಮುಖ್ಯ ಪಟ್ಟಿಗೆ ಬಂತು. ರಾತ್ರಿ ಎಂಟರ ಅಲಾರಂ ಆಫ್ ಮಾಡಿದ ಹುಡುಗನನ್ನು ನೋಡಿದವಳಿಗೆ ಇದು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅಪ್ಪನ ಎದುರಿಗೆ ನಾನು ಗದರಿದ್ದ ಆ ಹುಡುಗಿಗೆ ಈಗ ಹದಿನೆಂಟು. ದೊಡ್ಡವರ ವಿಭಾಗಕ್ಕೆ ಹೋಗುವ ಹೊತ್ತು. ಕಳೆದ ಸಲ ರಕ್ತ ತೆಗೆಯುವ ಕೋಣೆಯ ಹೊರಗೆ ನಿಂತಿದ್ದೆ. ಒಳಗಿನಿಂದ ಅವಳ ಧ್ವನಿ ಕೇಳಿಸಿತು. "ಇವತ್ತು ತೆಗೀಬೇಡಿ, ಮಾತ್ರೆ ನುಂಗಿಬಿಟ್ಟಿದ್ದೀನಿ. ನಾಳೆ ಬೆಳಿಗ್ಗೆ ನುಂಗದೆ ಬರ್ತೀನಿ."