ಉಗುರಿನ ಮೇಲೆ ಎರೆ ಹೊಲದ ಬಿರುಕು

ಬೇಸಿಗೆಯಲ್ಲಿ ಡೋಣಿ ನದಿ ದಂಡೆಯ ಎರೆ ಹೊಲ ನೋಡಿದವರಿಗೆ ಕ್ರ್ಯಾಕಲ್ ನೇಲ್ ಪಾಲಿಶಿನ ಗುಟ್ಟು ಅರ್ಧ ಗೊತ್ತಿದ್ದಂತೆಯೇ. ಮಣ್ಣು ಒಣಗುತ್ತ ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ. ಬೇರೆ ಬಣ್ಣದ ಮೇಲೆ ಹಚ್ಚುವ ಈ ಪಾಲಿಶೂ ಬೇಗ ಒಣಗಿ ಕುಗ್ಗಿ ಸೀಳುತ್ತದೆ; ಸೀಳಿನಲ್ಲಿ ಕೆಳಗಿನ ಬಣ್ಣ ಇಣುಕುತ್ತದೆ.

ಹೆಚ್ಚಿನವರು ಸೋಲುವುದು ಆ ಕೆಳಗಿನ ಬಣ್ಣದಲ್ಲೇ. ಮೊದಲು ನೇಲ್ ಪಾಲಿಶ್ ರಿಮೂವರ್ ಹಚ್ಚಿದ ಹತ್ತಿಯಿಂದ ಉಗುರಿನ ಎಣ್ಣೆಪಸೆ ಒರೆಸಿ, ಬಣ್ಣಕ್ಕೆ ತಳವಾಗುವ ಬೇಸ್ ಕೋಟ್ ಒಂದು ಸಲ ಹಚ್ಚಿ. ಮೇಲೆ ಬಣ್ಣ ತೆಳ್ಳಗೆ ಎರಡು ಸಲ, ನಡುವೆ 3 ನಿಮಿಷ ಬಿಟ್ಟು. ಆಮೇಲೆ ಕನಿಷ್ಠ 20 ನಿಮಿಷ ಸುಮ್ಮನೆ ಕೂರಬೇಕು. ಎರಡು ಉಗುರು ಮೆಲ್ಲಗೆ ತಾಗಿಸಿ ನೋಡಿ. ಚೂರು ಅಂಟಿದರೂ ಇನ್ನೂ ಹಸಿ. ಹಸಿ ಬಣ್ಣದ ಮೇಲೆ ಕ್ರ್ಯಾಕಲ್ ಹಚ್ಚಿದರೆ ಎರಡೂ ಕಲಸಿಕೊಂಡು ಬಿರುಕಿನ ಬದಲು ಮುದ್ದೆ ಏಳುತ್ತದೆ.

ಈಗ ಕ್ರ್ಯಾಕಲ್ ಹಚ್ಚುವ ಸರದಿ. ಮೊದಲು ಫ್ಯಾನ್ ಆರಿಸಿ. ವಿಜಯಪುರದ ಏಪ್ರಿಲ್ ಸೆಕೆಯಲ್ಲಿ ಇದು ಕಷ್ಟವೇ, ಹಾಗಾಗಿ ಬೆಳಗಿನ ತಂಪಿನಲ್ಲಿ ಕೂತರೆ ಒಳ್ಳೆಯದು. ಗಾಳಿಗೆ ಪಾಲಿಶ್ ಬ್ರಷ್ಷಿನಲ್ಲೇ ಒಣಗಿ ನೂಲಿನಂತೆ ಎಳೆ ಬಿಡುತ್ತದೆ. ಶೀಶೆಯನ್ನು ಕುಲುಕಬೇಡಿ, ಗುಳ್ಳೆ ಬರುತ್ತವೆ. ಅಂಗೈಗಳ ನಡುವೆ ಹೊರಳಿಸಿ. ನಡುವೆ ಒಂದು, ಎಡಕ್ಕೊಂದು, ಬಲಕ್ಕೊಂದು: ಬುಡದಿಂದ ತುದಿಗೆ ಮೂರೇ ಎಳೆತ. ಬ್ರಷ್ ಎತ್ತಿದ ಮೇಲೆ ಮತ್ತೆ ಮುಟ್ಟಬಾರದು, ಎಲ್ಲೋ ಒಂದು ಚುಕ್ಕೆ ಬಿಟ್ಟಿದ್ದರೂ ಸರಿ. ಸೆಕೆಂಡುಗಳಲ್ಲೇ ಬಿರಿಯಲು ಶುರುವಾಗುತ್ತದೆ, ಎರಡನೇ ಸಲ ತಾಗಿದ ಬ್ರಷ್ ಆ ಚೂರುಗಳನ್ನೇ ಎಳೆದೊಯ್ಯುತ್ತದೆ.

ತೆಳ್ಳಗೆ ಹಚ್ಚಿದರೆ ಕೂದಲೆಳೆಯಂಥ ಸಣ್ಣ ಬಿರುಕು, ಸ್ವಲ್ಪ ದಪ್ಪಕ್ಕೆ ಅಗಲ ಹೆಂಟೆ. ತೀರಾ ದಪ್ಪವಾದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಬಿರಿಯುವುದೇ ಇಲ್ಲ. ಹತ್ತೂ ಉಗುರು ಒಂದೇ ಥರ ಬೇಕೆಂದರೆ ಪ್ರತಿ ಸಲ ಬ್ರಷ್ಷಿನ ಒಂದು ಬದಿಯನ್ನು ಶೀಶೆಯ ಬಾಯಿಗೆ ಒರೆಸಿಕೊಳ್ಳಿ.

ಬಣ್ಣಗಳ ನಡುವೆ ದೂರ ಇರಬೇಕು. ಬಂಗಾರದ ಮೇಲೆ ಕಪ್ಪು ಎದ್ದು ಕಾಣುತ್ತದೆ. ಕೆಂಪಿನ ಮೇಲೆ ಬಿಳಿ ಹಾಕಿದರೆ ಇಳಕಲ್ ಸೀರೆಯ ಸೆರಗಿನ ಜೋಡಿ, ನಮಗೆ ಇದೇ ಹೆಚ್ಚು ಇಷ್ಟ.

ಒಣಗಿದ ಕ್ರ್ಯಾಕಲ್ ಮಂಕಾಗಿ, ಒರಟಾಗಿ ಇರುತ್ತದೆ. ಹಾಗೇ ಬಿಟ್ಟರೆ ಅಂಚು ಎದ್ದು ಸೀರೆಯ ಎಳೆಗೆ ಸಿಕ್ಕುತ್ತದೆ. 5 ನಿಮಿಷದ ನಂತರ ಬ್ರಷ್ ತುಂಬ ಟಾಪ್ ಕೋಟ್ (ಕೊನೆಗೆ ಮೇಲೆ ಹಚ್ಚುವ ಹೊಳಪಿನ ಪದರ) ತೆಗೆದುಕೊಂಡು, ಒತ್ತದೆ, ತೇಲಿಸಿದಂತೆ ಹಚ್ಚಿ. ಒತ್ತಿದರೆ ಕ್ರ್ಯಾಕಲಿನ ಬಣ್ಣ ಬಿರುಕಿನೊಳಗೆ ಹರಡುತ್ತದೆ. ಉಗುರಿನ ತುದಿಯ ಅಂಚಿಗೂ ಒಮ್ಮೆ ಸವರಿ.

ಶೀಶೆಯಲ್ಲಿ ಪಾಲಿಶ್ ಗಟ್ಟಿಯಾಗಿದ್ದರೆ ನೇಲ್ ಪಾಲಿಶ್ ಥಿನ್ನರ್ 2–3 ಹನಿ ಸಾಕು. ರಿಮೂವರ್ ಮಾತ್ರ ಬೆರೆಸಬೇಡಿ, ಇಡೀ ಶೀಶೆ ಕೆಡುತ್ತದೆ.