ನಮ್ಮ ಆಸ್ಪತ್ರೆ ಆಯುಷ್ಮಾನ್ ಯೋಜನೆಗೆ ಸೇರಿದ್ದು ಹೀಗೆ

ತಾಲ್ಲೂಕು ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಡಳಿತ ನೋಡಿಕೊಳ್ಳುತ್ತೇನೆ. ಜನರಲ್ ಸರ್ಜರಿ, ಹೆರಿಗೆ ಮತ್ತು ಸ್ತ್ರೀರೋಗ, ಜನರಲ್ ಮೆಡಿಸಿನ್, ಇಷ್ಟೇ ನಮ್ಮಲ್ಲಿರುವುದು. ಕೌಂಟರಿಗೆ ಬಂದವರಲ್ಲಿ ಹೆಚ್ಚಿನವರು ಡಾಕ್ಟರ ಹೆಸರು ಕೇಳುವ ಮೊದಲೇ "ಇಲ್ಲಿ ಕಾರ್ಡ್ ನಡೆಯುತ್ತಾ ಮೇಡಂ?" ಅಂತ ಕೇಳುತ್ತಿದ್ದರು. ನಡೆಯಲ್ಲ ಅಂದರೆ ಅವರು ಜಿಲ್ಲಾ ಕೇಂದ್ರದ ಬಸ್ಸು ಹತ್ತಬೇಕು. ಅದಕ್ಕೇ ಎಂಪ್ಯಾನೆಲ್‌ಮೆಂಟ್, ಅಂದರೆ ಯೋಜನೆಯ ಆಸ್ಪತ್ರೆಗಳ ಪಟ್ಟಿಗೆ ಸೇರ್ಪಡೆ, ಮಾಡಿಸಿಯೇ ಬಿಡೋಣ ಅಂತ ಕೂತೆವು, ಮಾಡಿಸಿದೆವು. ಈಗ ಅಕ್ಕಪಕ್ಕದ ತಾಲ್ಲೂಕಿನ ನರ್ಸಿಂಗ್ ಹೋಮ್‌ನವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಎಲ್ಲರೂ ಕೇಳುವುದು ಅರ್ಜಿ ಹಾಕುವ ವೆಬ್‌ಸೈಟ್, ಅಂದರೆ ಪೋರ್ಟಲ್ ಬಗ್ಗೆ. ಪೋರ್ಟಲ್ ಇದರಲ್ಲಿ ತೀರಾ ಸಣ್ಣ ಕೆಲಸ. ಕಾಗದದಲ್ಲಿರುವ ಆಸ್ಪತ್ರೆ ಮತ್ತು ಕಣ್ಣಿಗೆ ಕಾಣುವ ಆಸ್ಪತ್ರೆ ಎರಡೂ ಒಂದೇ ಆಗಿರಬೇಕು, ಶ್ರಮವೆಲ್ಲ ಅಲ್ಲಿದೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಶುರುವಾಗಿದ್ದು 2018ರ ಮಾರ್ಚ್‌ನಲ್ಲಿ. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ಮೊತ್ತ) ಶೇ. 30 ಭಾಗವನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದ ಮಿತಿಯಲ್ಲಿ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಾವೆಲ್ಲ ಸುಮ್ನೆ 'ಟ್ರಸ್ಟ್' ಅಂತೀವಿ. ನಮ್ಮ ರಾಜ್ಯದಲ್ಲಿ ನಡುವೆ ವಿಮಾ ಕಂಪನಿ ಇಲ್ಲ, ಟ್ರಸ್ಟೇ ಆಸ್ಪತ್ರೆಗೆ ಹಣ ಕೊಡುತ್ತದೆ.

ಅರ್ಜಿ ಹಾಕುವ ಮೊದಲೇ ಕೂತು ನೋಡಬೇಕಾದ್ದು ಚಿಕಿತ್ಸೆಗಳ ಪಟ್ಟಿ. ಎರಡೂ ಯೋಜನೆ ಸೇರಿದಾಗ 1650 ಚಿಕಿತ್ಸೆಗಳ ಪಟ್ಟಿ ಮಾಡಿದ್ದರು. ಅದರಲ್ಲಿ 291 ಸರಳವಾದವು. ಇವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಬೇಕು ಅನ್ನುವುದು ನಿಯಮ. 254 ಸ್ವಲ್ಪ ಕ್ಲಿಷ್ಟವಾದವು, 900 ದೊಡ್ಡ ಚಿಕಿತ್ಸೆಗಳು. ಇವೆರಡಕ್ಕೂ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ತರಬೇಕು. ತುರ್ತು ಅಂತ ಗುರುತಿಸಿದ 169ಕ್ಕೆ ಮಾತ್ರ ರೆಫರಲ್ ಬೇಡ, ನೇರ ನಮ್ಮಲ್ಲಿಗೆ ಬರಬಹುದು. ಪಟ್ಟಿ ಆಗಾಗ ಪರಿಷ್ಕರಣೆ ಆಗುತ್ತದೆ, ಹಾಗಾಗಿ ನೀವು ಅರ್ಜಿ ಹಾಕುವ ದಿನದ ಪಟ್ಟಿಯನ್ನೇ ಇಟ್ಟುಕೊಳ್ಳಿ. ಆಸ್ಪತ್ರೆ ನಡೆಸುವ ನಮ್ಮ ಡಾಕ್ಟರಿಗೆ ಕಾರ್ಡ್ ಇರುವ ಎಲ್ಲ ರೋಗಿಗಳೂ ನೇರ ನಮ್ಮ ಬಾಗಿಲಿಗೆ ಬರುತ್ತಾರೆ ಅನ್ನುವ ಲೆಕ್ಕಾಚಾರ ಇತ್ತು. ಪಟ್ಟಿ ಪ್ರಿಂಟ್ ತೆಗೆದು, ನಮ್ಮಲ್ಲಿ ಆಗುವ ಆಪರೇಷನ್‌ಗಳನ್ನೆಲ್ಲ ಅದರಲ್ಲಿ ಗುರುತು ಹಾಕಿ, ಯಾವುದು ಯಾವ ಗುಂಪಿಗೆ ಬರುತ್ತದೆ ಅಂತ ತೋರಿಸಿದೆ. ಪ್ಯಾಕೇಜ್ ದರವನ್ನೂ ಪಕ್ಕದಲ್ಲೇ ಬರೆದಿದ್ದೆ. ಸೇರಿದ ಮೇಲೆ 'ದರ ಸಾಲಲ್ಲ' ಅಂತ ಗೊಣಗುವುದಕ್ಕಿಂತ ಮೊದಲೇ ನೋಡಿ ಒಪ್ಪುವುದು ಒಳ್ಳೆಯದು ಅಲ್ವಾ? ಡಾಕ್ಟರು ಒಂದು ರಾತ್ರಿ ಪೂರ್ತಿ ಲೆಕ್ಕ ಹಾಕಿ ಒಪ್ಪಿದರು.

ಆಮೇಲೆ ಕಾಗದಪತ್ರ. ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಜೈವಿಕ ವೈದ್ಯಕೀಯ ತ್ಯಾಜ್ಯದ ಅನುಮತಿ, ತ್ಯಾಜ್ಯ ಒಯ್ಯುವ ಸಂಸ್ಥೆಯ ಜೊತೆಗಿನ ಒಪ್ಪಂದ, ಅಗ್ನಿ ಸುರಕ್ಷತೆಯ ಪತ್ರ, ಸ್ಕ್ಯಾನಿಂಗ್ ಇದ್ದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ, ಎಕ್ಸ್‌ರೇ ಇದ್ದರೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಪತ್ರ, ಔಷಧಿ ಅಂಗಡಿಯ ಲೈಸೆನ್ಸ್, ಪ್ಯಾನ್, ಬ್ಯಾಂಕ್ ಖಾತೆ. ಇವೆಲ್ಲ ಇವೆಯಾ ಅಂತ ಎಲ್ಲರೂ ನೋಡುತ್ತಾರೆ. ಆದರೆ ಇವೆಲ್ಲ ಒಂದೇ ಮಾತು ಹೇಳುತ್ತಿವೆಯಾ ಅಂತ ನೋಡುವವರು ಕಡಿಮೆ. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ಒಂದೊಂದರಲ್ಲೂ ಆಸ್ಪತ್ರೆಯ ಹೆಸರು, ವಿಳಾಸ, ಹಾಸಿಗೆ ಸಂಖ್ಯೆ, ಕೊನೆಯ ದಿನಾಂಕ ಈ ನಾಲ್ಕನ್ನು ಓದಿ ಬರೆದುಕೊಂಡೆ. ನಮ್ಮದು ಹಳೆಯ ಆಸ್ಪತ್ರೆ. ಶುರುವಿನಲ್ಲಿ 'ನರ್ಸಿಂಗ್ ಹೋಮ್' ಅಂತಿದ್ದದ್ದು ಆಮೇಲೆ 'ಆಸ್ಪತ್ರೆ' ಆಗಿದೆ, ಮಹಡಿ ಕಟ್ಟಿದ ಮೇಲೆ ಹಾಸಿಗೆ ಜಾಸ್ತಿ ಆಗಿದೆ. ಕೆಪಿಎಂಇಯಲ್ಲಿ 30 ಹಾಸಿಗೆ, ತ್ಯಾಜ್ಯದ ಅನುಮತಿಯಲ್ಲಿ 20. ಬ್ಯಾಂಕ್ ಖಾತೆ ಹಳೇ ಹೆಸರಲ್ಲೇ. ಪೋರ್ಟಲ್ ಕಡೆ ತಲೆ ಹಾಕದೆ ಮೊದಲು ಇದನ್ನು ಸರಿ ಮಾಡಿಸಿದೆವು: ತ್ಯಾಜ್ಯದ ಅನುಮತಿಯನ್ನು 30 ಹಾಸಿಗೆಗೆ ತಿದ್ದಿಸಿದ್ದು, ಬ್ಯಾಂಕಿಗೆ ಕೆಪಿಎಂಇ ಪತ್ರ ಕೊಟ್ಟು ಖಾತೆಯ ಹೆಸರು ಬದಲಾಯಿಸಿದ್ದು. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದು ಅಕ್ಷರ ಆಚೀಚೆ ಇದ್ದರೂ ಬಿಡಬೇಡಿ. ಕ್ಲೇಮ್ ಹಣ ಬರುವುದು ಇದೇ ಖಾತೆಗೆ.

ಇನ್ನು ಜಾಗ. ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಕನಿಷ್ಠ 10 ಒಳರೋಗಿ ಹಾಸಿಗೆ ಇರಬೇಕು ಅಂತಿದೆ. ಕಣ್ಣು, ಇಎನ್‌ಟಿ ಥರದ ಒಂದೇ ವಿಭಾಗದ ಆಸ್ಪತ್ರೆಗಳಿಗೆ ವಿನಾಯಿತಿ ಕೊಡಬಹುದು. ಜನರಲ್ ವಾರ್ಡಿನಲ್ಲಿ ಹಾಸಿಗೆಗೆ 80 ಚದರಡಿ ಜಾಗ ಬೇಕು. ನಾನೂ ವಾರ್ಡ್ ಬಾಯ್ ಕೂಡಿ ಟೇಪ್ ಹಿಡಿದು ಅಳೆದೆವು. ಹೆಂಗಸರ ವಾರ್ಡು 24 ಅಡಿಗೆ 20 ಅಡಿ, ಅಂದರೆ 480 ಚದರಡಿ. ಆರು ಹಾಸಿಗೆಗೆ ಸರಿಯಾಯಿತು, ಅಲ್ಲಿದ್ದದ್ದು ಎಂಟು. ಎರಡನ್ನು ತೆಗೆದು, ಮೇಲೆ ಸಾಮಾನು ತುಂಬಿಟ್ಟಿದ್ದ ಒಂದು ಕೋಣೆ ಖಾಲಿ ಮಾಡಿಸಿ ಅಲ್ಲಿ ಹಾಕಿಸಿದೆವು. ಸಿಸ್ಟರ್‌ಗಳಿಗೆ ತುಂಬಾ ಖುಷಿ ಆಯಿತು. ಅಲ್ಲಿಯವರೆಗೆ ಸ್ಟ್ರೆಚರ್ ತಿರುಗಿಸಬೇಕಾದರೆ ಪಕ್ಕದ ಮಂಚ ಸರಿಸಬೇಕಿತ್ತು. ನನ್ನ ಕೇಳಿದರೆ, ಯೋಜನೆಗೆ ಸೇರದಿದ್ದರೂ ಪರವಾಗಿಲ್ಲ, ಈ ಅಳತೆಯನ್ನು ಪ್ರತಿ ಆಸ್ಪತ್ರೆಯೂ ಒಮ್ಮೆ ಮಾಡಬೇಕು.

ಎಲ್ಲಕ್ಕಿಂತ ಹೆಚ್ಚು ಚರ್ಚೆ ಆಗಿದ್ದು ವಿಭಾಗಗಳ ಬಗ್ಗೆ. ನಿಯಮ ಎರಡೂ ಕಡೆಯಿಂದ ಹಿಡಿಯುತ್ತದೆ. ನಿಮ್ಮಲ್ಲಿ ನಡೆಯುವ ವಿಭಾಗಗಳಲ್ಲಿ ಲಾಭದ್ದನ್ನು ಮಾತ್ರ ಆರಿಸಿ ಯೋಜನೆಗೆ ಕೊಡುವ ಹಾಗಿಲ್ಲ, ಇರುವುದನ್ನೆಲ್ಲ ಕೊಡಬೇಕು. ಹಾಗೆಯೇ ಇಲ್ಲದ್ದನ್ನು ತೋರಿಸುವ ಹಾಗೂ ಇಲ್ಲ. ಆಪರೇಷನ್ ಮಾಡುವ ಆಸ್ಪತ್ರೆಯಲ್ಲಿ ಸರ್ಜನ್ ಮತ್ತು ಅರಿವಳಿಕೆ ತಜ್ಞರು ದಿನದ 24 ಗಂಟೆಯೂ ಇರಬೇಕು, ಇಲ್ಲವೇ ಕರೆದರೆ ಬರುವಂತಿರಬೇಕು. ಹೆರಿಗೆ ಇದ್ದರೆ ಮಕ್ಕಳ ಡಾಕ್ಟರೂ ಬೇಕು. ನಮ್ಮ ಹೊರಗಿನ ಬೋರ್ಡಿನಲ್ಲಿ ಮೂಳೆ ವಿಭಾಗವೂ ಇತ್ತು. ವಾರಕ್ಕೆರಡು ದಿನ ಬರುವ ಮೂಳೆ ಡಾಕ್ಟರನ್ನು ಕೇಳಿದೆ, "ಸರ್, ರಾತ್ರಿ ಕರೆದರೆ ಬರ್ತೀನಿ ಅಂತ ಬರೆದುಕೊಡ್ತೀರಾ?"

"ಆಗಲ್ಲಮ್ಮ, ಅಷ್ಟು ದೂರದಿಂದ ರಾತ್ರಿ ಹೇಗೆ ಬರಲಿ? ಸುಳ್ಳು ಬರೆದುಕೊಡೋದು ಬೇಡ" ಅಂದರು. ಅವರ ಮೇಲೆ ನನಗಿದ್ದ ಗೌರವ ಇನ್ನೂ ಹೆಚ್ಚಾಯಿತು. ನಮ್ಮ ಡಾಕ್ಟರಿಗೆ ಮೂಳೆ ವಿಭಾಗ ಬಿಡಲು ಮನಸ್ಸಿರಲಿಲ್ಲ, ಅಪಘಾತದ ಕೇಸು ಬರುತ್ತವಲ್ಲ ಅಂತ. ನಾನು ಪಟ್ಟು ಹಿಡಿದೆ. ರಾತ್ರಿ ಎರಡಕ್ಕೆ ತೊಡೆ ಮೂಳೆ ಮುರಿದವರು ಕಾರ್ಡ್ ಹಿಡಿದು ಬಂದಾಗ ಡಾಕ್ಟರಿಲ್ಲ ಅನ್ನಲು ನನಗೆ ಸಾಧ್ಯವಿಲ್ಲ ಅಂದೆ. ಕೊನೆಗೆ ಬೋರ್ಡಿನಲ್ಲಿ 'ಮೂಳೆ ರೋಗ – ಹೊರರೋಗಿ ಸಲಹೆ ಮಾತ್ರ' ಅಂತ ಬರೆಸಿ, ಅರ್ಜಿಯಲ್ಲಿ ಮೂರೇ ವಿಭಾಗ ತೋರಿಸಿದೆವು. ಅರಿವಳಿಕೆಗೆ ಇಬ್ಬರ ಜೊತೆ, ಮಕ್ಕಳ ಡಾಕ್ಟರೊಬ್ಬರ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡೆವು. ಎಲ್ಲ ಡಾಕ್ಟರ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಪತ್ರ ತರಿಸಿದೆವು. ಎಂಬಿಬಿಎಸ್ ಮಾತ್ರ ನೋಂದಣಿ ಆಗಿದ್ದರೆ ಸಾಲದು. ಎಂಎಸ್, ಎಂಡಿ, ಡಿಎನ್‌ಬಿ ಯಾವುದೇ ಸ್ನಾತಕೋತ್ತರ ಪದವಿ ಇರಲಿ, ಅದೂ ಪರಿಷತ್ತಿನಲ್ಲಿ ದಾಖಲಾಗಿರಬೇಕು. ಬೇರೆ ರಾಜ್ಯದಲ್ಲಿ ಓದಿ ಬಂದವರ ಪತ್ರವನ್ನು ಇನ್ನೊಂದು ಸಲ ನೋಡಿ. ಸಿಸ್ಟರ್‌ಗಳ ನರ್ಸಿಂಗ್ ಕೌನ್ಸಿಲ್ ನೋಂದಣಿಯೂ ಹಾಗೆಯೇ.

ಪ್ರಯೋಗಾಲಯ, ರಕ್ತನಿಧಿ, ಆಂಬ್ಯುಲೆನ್ಸ್, ಡಯಾಲಿಸಿಸ್ ಥರದ್ದು ನಿಮ್ಮಲ್ಲೇ ಇರಬೇಕೆಂದೇನಿಲ್ಲ. ಹತ್ತಿರದಲ್ಲಿ ಇರುವವರ ಜೊತೆ ಒಪ್ಪಂದ ಇದ್ದರೆ ಸಾಕು. ಆದರೆ 24 ಗಂಟೆಯೂ ಸಿಗುತ್ತದೆ ಅಂತ ಒಪ್ಪಂದದಲ್ಲೇ ಇರಲಿ. ಆಪರೇಷನ್ ಥಿಯೇಟರ್ ಮಾತ್ರ ಸ್ವಂತದ್ದೇ ಆಗಬೇಕು.

ಇಷ್ಟಾದ ಮೇಲೆ ಪೋರ್ಟಲ್. ಆರೋಗ್ಯ ಸಂಸ್ಥೆಗಳ ರಾಷ್ಟ್ರೀಯ ನೋಂದಣಿಯ ಎಚ್‌ಎಫ್‌ಆರ್ ಸಂಖ್ಯೆ ಮೊದಲೇ ಮಾಡಿಸಿಟ್ಟಿದ್ದೆವು. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಆಸ್ಪತ್ರೆಗಳ ಸೇರ್ಪಡೆಗೆಂದೇ ಇಟ್ಟಿರುವ ಎಚ್‌ಇಎಂ ಪೋರ್ಟಲ್‌ನಲ್ಲಿ ಮೂಲ ವಿವರ, ಹಣಕಾಸು, ವಿಭಾಗಗಳು, ಕಟ್ಟಡ ಮತ್ತು ಸಲಕರಣೆ, ಸಿಬ್ಬಂದಿ, ಪರವಾನಗಿ ಎಲ್ಲ ತುಂಬಿ ಫೋಟೋ ಹಾಕಬೇಕು. ಒಟಿಪಿ ಹೋಗುವ ಮೊಬೈಲ್ ನಂಬರ್ ಆಸ್ಪತ್ರೆಯದೇ ಆಗಿರಲಿ. ಕೆಲಸ ಬಿಟ್ಟು ಹೋಗುವವರ ಸ್ವಂತ ನಂಬರ್ ಕೊಟ್ಟರೆ ಮುಂದೆ ಪ್ರತಿ ತಿದ್ದುಪಡಿಗೂ ಅವರನ್ನು ಹುಡುಕಬೇಕಾಗುತ್ತದೆ. ಕಾಗದ ಸರಿಯಿದ್ದರೆ ಈ ಕೆಲಸ ಬೇಗ ಮುಗಿಯುತ್ತದೆ.

ಅರ್ಜಿ ಮೊದಲು ಜಿಲ್ಲಾ ಸಮಿತಿಗೆ, ಅಲ್ಲಿಂದ ರಾಜ್ಯ ಸಮಿತಿಗೆ ಹೋಗುತ್ತದೆ. ಜಿಲ್ಲಾ ಸಮಿತಿಯವರು ಬಂದು ಕಣ್ಣಾರೆ ನೋಡಿ ವರದಿ ಕೊಡಬೇಕು. ಮಾರ್ಗಸೂಚಿಯಲ್ಲಿ ಇದಕ್ಕೆ 15 ಕೆಲಸದ ದಿನ ಕೊಟ್ಟಿದ್ದಾರೆ. ನಮ್ಮಲ್ಲಿಗೆ ಬಂದವರು ಕಚೇರಿಯಲ್ಲಿ ಕೂರಲೇ ಇಲ್ಲ, ನೇರ ಕ್ಯಾಶುವಾಲ್ಟಿಗೆ ಹೋದರು. ಒಬ್ಬರು ಕ್ರ್ಯಾಶ್ ಕಾರ್ಟ್‌ನ (ತುರ್ತು ಔಷಧಿ ಇಡುವ ತಳ್ಳುಗಾಡಿ) ಮೇಲಿನ ಡ್ರಾಯರ್ ಎಳೆದು ಅಡ್ರಿನಲಿನ್ ಆಂಪ್ಯೂಲ್ ಎತ್ತಿ ಎಕ್ಸ್‌ಪೈರಿ ಓದಿದರು. ಡಿಫಿಬ್ರಿಲೇಟರ್ ಆನ್ ಮಾಡಿಸಿದರು. ಸಕ್ಷನ್ ಮಷೀನಿನ ಪೈಪಿಗೆ ಬೆರಳಿಟ್ಟು ಎಳೆಯುತ್ತಾ ನೋಡಿದರು. ಆಮೇಲೆ ಅಲ್ಲೇ ಇದ್ದ ಸಿಸ್ಟರ್ ಕಡೆ ತಿರುಗಿ, "ಬಳಸಿದ ಐವಿ ಸೆಟ್ ಎಲ್ಲಿ ಹಾಕ್ತೀರಮ್ಮ?" ಅಂದರು.

"ಕೆಂಪು ಚೀಲಕ್ಕೆ ಸರ್. ಸೂಜಿ ಬಿಳಿ ಡಬ್ಬಿಗೆ. ರಕ್ತ ಆದ ಹತ್ತಿ ಹಳದಿಗೆ. ಆಂಪ್ಯೂಲ್ ನೀಲಿಗೆ" ಅಂತ ಆಕೆ ಒಂದೇ ಉಸಿರಿಗೆ ಹೇಳಿದಳು. ಇದು ತಪಾಸಣೆಗಾಗಿ ಬಾಯಿಪಾಠ ಮಾಡಿಸಿದ್ದಲ್ಲ, ಅವಳು ದಿನಾ ಮಾಡುವ ಕೆಲಸ. ಗೊತ್ತಿಲ್ಲದವರಿಗೆ ಹಿಂದಿನ ದಿನ ಹೇಳಿಕೊಟ್ಟರೆ ಮುಖದಲ್ಲೇ ಕಾಣುತ್ತದೆ. ರಾತ್ರಿ ಪಾಳಿಯ ಡ್ಯೂಟಿ ಪಟ್ಟಿ ಮತ್ತು ಹಾಜರಿ ಪುಸ್ತಕವನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡಿದರು. ಒಪ್ಪಂದದಲ್ಲಿದ್ದ ಅರಿವಳಿಕೆ ಡಾಕ್ಟರಿಗೆ ನಮ್ಮ ಎದುರೇ ಫೋನ್ ಮಾಡಿದರು. ಓಟಿ ಪುಸ್ತಕ, ಹಳೆಯ ಕೇಸ್ ಶೀಟ್, ಜನರೇಟರ್, ಅಗ್ನಿಶಾಮಕ ಸಿಲಿಂಡರಿನ ದಿನಾಂಕ ಎಲ್ಲ ನೋಡಿದರು. ಕೇಸ್ ಶೀಟಿನಲ್ಲಿ ಡಾಕ್ಟರ ಸಹಿಯ ಜೊತೆ ಸಮಯವನ್ನೂ ಬರೆಯುವ ಅಭ್ಯಾಸ ನಮ್ಮಲ್ಲಿ ಮೊದಲಿಂದ ಇತ್ತು, ಅದು ಇಲ್ಲಿ ಕೈ ಹಿಡಿಯಿತು.

ಒಪ್ಪಿಗೆ ಬಂದು, ಟ್ರಸ್ಟ್ ಜೊತೆ ಒಪ್ಪಂದಕ್ಕೆ ಸಹಿ ಆಯಿತು. ಬಾಗಿಲ ಹತ್ತಿರ ಆರೋಗ್ಯ ಮಿತ್ರರಿಗೆ (ಯೋಜನೆಯ ರೋಗಿಗಳಿಗೆ ನೆರವಾಗುವವರು) ಕೌಂಟರ್, ಕಂಪ್ಯೂಟರ್, ವೆಬ್‌ಕ್ಯಾಮ್, ಬೆರಳಚ್ಚು ಯಂತ್ರ, ಹೊರಗೆ ಕನ್ನಡದಲ್ಲಿ ದೊಡ್ಡ ಬೋರ್ಡು. ಯೋಜನೆಯ ಕೆಲಸ ನೋಡಿಕೊಳ್ಳಲು ಒಬ್ಬ ಡಾಕ್ಟರನ್ನು ನೇಮಿಸಬೇಕು. ಈ ಡಾಕ್ಟರನ್ನು ಹೆಸರಿಗೆ ಮಾತ್ರ ಇಡಬೇಡಿ. ಚಿಕಿತ್ಸೆಗೆ ಮೊದಲು ಟ್ರಸ್ಟ್‌ನ ಪೂರ್ವಾನುಮತಿ ಕೇಳುವಾಗ ರೋಗದ ವಿವರ, ರಿಪೋರ್ಟು ಸರಿಯಾಗಿ ಬರೆಯದಿದ್ದರೆ ಅಲ್ಲಿಂದ ಪ್ರಶ್ನೆ ಮೇಲೆ ಪ್ರಶ್ನೆ ಬರುತ್ತದೆ, ಇತ್ತ ರೋಗಿ ಹಾಸಿಗೆಯಲ್ಲಿ ಕಾಯುತ್ತಿರುತ್ತಾರೆ.

ಒಳಗಿನವರಿಗೆಲ್ಲ ನಾನು ಪದೇ ಪದೇ ಹೇಳಿದ ವಿಷಯ ಒಂದಿದೆ. ಪ್ಯಾಕೇಜ್ ಅಂದರೆ ಆಪರೇಷನ್ ಖರ್ಚು ಮಾತ್ರ ಅಲ್ಲ. ದಾಖಲಾಗುವ ಮೊದಲಿನ 3 ದಿನದ ಪರೀಕ್ಷೆ, ಔಷಧಿ ಮತ್ತು ಡಿಸ್ಚಾರ್ಜ್ ಆದ ಮೇಲಿನ 15 ದಿನದ ಔಷಧಿ, ತಪಾಸಣೆ ಅದರಲ್ಲೇ ಸೇರುತ್ತದೆ. ಔಷಧಿ ಅಂಗಡಿಯ ಹುಡುಗನಿಗೆ ಇದು ಗೊತ್ತಿಲ್ಲದಿದ್ದರೆ ಅವನು ಚೀಟಿ ನೋಡಿ ದುಡ್ಡು ಕೇಳುತ್ತಾನೆ, ಪಾಪ ರೋಗಿಯ ಕಡೆಯವರು ಕೊಟ್ಟು ಹೋಗುತ್ತಾರೆ. ಬಿಪಿಎಲ್ ರೋಗಿಯಿಂದ ಹೀಗೆ ಹಣ ಪಡೆದರೆ ವಾಪಸ್ ಕೊಡಬೇಕು, ದಂಡ ಕಟ್ಟಬೇಕು, ಮುಂದುವರಿದರೆ ಪಟ್ಟಿಯಿಂದಲೇ ತೆಗೆಯುತ್ತಾರೆ. ತೆಗೆಯಲೇಬೇಕು ಅಂತ ನನ್ನ ಅಭಿಪ್ರಾಯ. ಅದಕ್ಕೆ ಯೋಜನೆಯ ರೋಗಿಗಳ ಚೀಟಿಗೆ ನಾವು ಬೇರೆ ಬಣ್ಣದ ಕಾಗದ ಮಾಡಿಸಿದ್ದೇವೆ. ಎಪಿಎಲ್‌ನವರಿಗೆ ಉಳಿದ ಶೇ. 70 ಅವರೇ ಕಟ್ಟಬೇಕು ಅನ್ನುವುದನ್ನು ದಾಖಲಾಗುವ ಮೊದಲೇ ರೂಪಾಯಿ ಲೆಕ್ಕದಲ್ಲಿ ಬರೆದು ತೋರಿಸುತ್ತೇವೆ.

ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಪ್ರವೇಶ ಹಂತದ ಪ್ರಮಾಣಪತ್ರ ಇದ್ದರೆ ಪ್ಯಾಕೇಜ್ ದರದ ಮೇಲೆ ಶೇ. 10, ಪೂರ್ಣ ಮಾನ್ಯತೆ ಇದ್ದರೆ ಶೇ. 15 ಹೆಚ್ಚು ಕೊಡುವ ವ್ಯವಸ್ಥೆ ರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. ನಾವು ಈಗ ಪ್ರವೇಶ ಹಂತಕ್ಕೆ ತಯಾರಿ ಶುರು ಮಾಡಿದ್ದೇವೆ. ಸೇರುವಾಗ ಮಾಡಿದ ಕೆಲಸದಲ್ಲಿ ಬಹುಪಾಲು ಅದಕ್ಕೂ ಬರುತ್ತದೆ.

ಸೇರಿದ ಮೇಲೆ ಡಾಕ್ಟರು ಬಿಟ್ಟರೆ, ಹೊಸಬರು ಬಂದರೆ, ಹಾಸಿಗೆ ಹೆಚ್ಚಾದರೆ ಕೂಡಲೇ ಪೋರ್ಟಲ್‌ನಲ್ಲಿ ತಿದ್ದಬೇಕು. ಇದಕ್ಕಾಗಿ ಒಂದು ಪುಸ್ತಕ ಇಟ್ಟಿದ್ದೇನೆ. ಎಡಗಡೆ ಪ್ರತಿ ಪರವಾನಗಿಯ ಹೆಸರು, ಬಲಗಡೆ ಮುಗಿಯುವ ದಿನ, ಅದರ ಕೆಳಗೆ ಮೂರು ತಿಂಗಳು ಮೊದಲಿನ ದಿನಾಂಕ ಕೆಂಪು ಶಾಯಿಯಲ್ಲಿ. ಪ್ರತಿ ತಿಂಗಳ ಮೊದಲ ಸೋಮವಾರ ಡಾಕ್ಟರು ಅದನ್ನು ನೋಡಿ ಸಹಿ ಹಾಕುತ್ತಾರೆ. ಕೆಪಿಎಂಇ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಅಷ್ಟು ದೂರದ ದಿನಾಂಕವನ್ನು ಮರೆಯುವುದು ಸುಲಭ, ಅದಕ್ಕೇ ಅದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.